ಬೆಲ್ಟ್ ನಿಲ್ಲುವವರೆಗೆ

ಮೊನ್ನೆ ಅಜ್ಜಂಪುರದಲ್ಲಿ ಪಶು ಆಹಾರದ ಅಂಗಡಿಯೊಂದರ ಮುಂದೆ ಬಸ್ಸಿಗೆ ಕಾಯುತ್ತಿದ್ದೆ. ಒಳಗೆ ಯಾರೋ ಅಕ್ಕಿ ತೌಡಿನ ಮೂಟೆ ಬಿಚ್ಚಿದರು. ಆ ಬೆಚ್ಚನೆಯ, ಸ್ವಲ್ಪ ಎಣ್ಣೆಯ ವಾಸನೆ ಮೂಗಿಗೆ ಬಿದ್ದದ್ದೇ ತಡ, ಮಿಲ್ ಚಾಚಾ ನೆನಪಾದರು. ಅವರ ಅಂಗಿಯಿಂದ ಇದೇ ವಾಸನೆ ಬರುತ್ತಿತ್ತು ಎಂದು ಮನಸ್ಸು ಹೇಳಿತು. ಆದರೆ ನಾನು ಅವರನ್ನು ಕಾಣುವ ಹೊತ್ತಿಗೆ ಅವರು ಅಕ್ಕಿ ಮಿಲ್ಲು ಬಿಟ್ಟು ಎಷ್ಟೋ ವರ್ಷವಾಗಿತ್ತು. ಹಾಗಾದರೆ ಈ ವಾಸನೆಯನ್ನು ಅವರಿಗೆ ಅಂಟಿಸಿದವನು ನಾನೇ ಇರಬೇಕು…

ಕಡೂರಿನ ಒಂದು ಸಣ್ಣ ಡಯಾಲಿಸಿಸ್ ಕೇಂದ್ರದಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ತರೀಕೆರೆಯಿಂದ ವಾರಕ್ಕೆರಡು ಸಲ ಬರುತ್ತಿದ್ದ ರೋಗಿ ಅವರು. ಮಿಲ್ಲಿನ ಯಂತ್ರ ನಡೆಸಿದವರೆಂದು ಎಲ್ಲರೂ ಮಿಲ್ ಚಾಚಾ ಎನ್ನುತ್ತಿದ್ದರು.

ನಮ್ಮ ಸರ್ವರಿನೊಳಗೆ ಎರಡು ವರ್ಚುವಲ್ ಮಷೀನುಗಳಿದ್ದವು, ಒಂದೇ ಪೆಟ್ಟಿಗೆಯಲ್ಲಿ ಎರಡು ಕಂಪ್ಯೂಟರುಗಳಿದ್ದ ಹಾಗೆ. ಒಂದು ಕಡತಗಳನ್ನು ಕಾಯುವುದು, ಇನ್ನೊಂದು ಅದನ್ನು ನೆಚ್ಚಿಕೊಂಡು ರೋಗಿಗಳ ದಾಖಲೆ ತೋರಿಸುವುದು. ಕರೆಂಟು ಹೋದಾಗ, ಬ್ಯಾಟರಿ ಮುಗಿಯುವ ಮುನ್ನ, ದಾಖಲೆಯದು ಮೊದಲು ನಿಲ್ಲಬೇಕು, ಕಡತದ್ದು ಕೊನೆಗೆ. ಏಳುವಾಗ ಇದರ ತಿರುವುಮುರುವು. ಈ ಕ್ರಮವನ್ನು ನಾನೇ ಸರಿಯಾಗಿ ಬರೆದಿದ್ದೆ. ಇನ್ನು ಕಾಗದದ ಫೈಲು ಬೇಡವೆಂದು ಎಲ್ಲರನ್ನೂ ಒಪ್ಪಿಸಿದವನೂ ನಾನೇ.

ಆ ಸೋಮವಾರ ಬೆಳಿಗ್ಗೆ ಕರೆಂಟು ಹೋಗಿ ಬಂತು. ದಾಖಲೆಯ ಮಷೀನು ಅರ್ಧ ಎದ್ದು ಅಲ್ಲೇ ಸಿಕ್ಕಿಕೊಂಡಿತು, ಪೂರ್ತಿ ಏಳಲೇ ಇಲ್ಲ. ಹಿಂದಿನ ಸಲ ಚಾಚಾ ಅವರಿಗೆ ಸೂಜಿ ತೆಗೆದ ಮೇಲೆ ರಕ್ತ ನಿಲ್ಲುವುದು ತಡವಾಗಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧದ ಪ್ರಮಾಣ ಬದಲಾಗಿತ್ತು. ಎಷ್ಟಕ್ಕೆ ಬದಲಾಯಿತು ಎನ್ನುವುದು ದಾಖಲೆಯಲ್ಲಿ ಮಾತ್ರ ಇತ್ತು. ಅಂದು ಬಂದಿದ್ದ ಇನ್ನೊಬ್ಬ ರೋಗಿ, ಯಗಟಿಯ ಅಜ್ಜಿಯದೂ ಹೊಸ ಬದಲಾವಣೆ. ಅದನ್ನು ನೋಡದೆ ಶುರು ಮಾಡಬೇಡಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿಬಿಟ್ಟರು. ಇದ್ದ ಎರಡು ಡಯಾಲಿಸಿಸ್ ಯಂತ್ರಗಳಲ್ಲಿ ಒಂದು ಬೇರೆ ಕೆಟ್ಟಿತ್ತು. ಹತ್ತು ಗಂಟೆಗೆ ಡಯಾಲಿಸಿಸ್ಸಿಗೆ ಮಲಗಬೇಕಿದ್ದ ಚಾಚಾ ಬೆಂಚಿನ ಮೇಲೆ ಮುಂದಕ್ಕೆ ಬಾಗಿ ಕೂತಿದ್ದರು. ಹಿಂದಕ್ಕೆ ಒರಗಿದರೆ ಉಸಿರು ಕಟ್ಟುತ್ತಿತ್ತು.

ನಾನು ಸರ್ವರನ್ನು ಆರಿಸಿ ಹಾಕಿದೆ. ಮತ್ತೆ ಆರಿಸಿದೆ, ಮತ್ತೆ ಹಾಕಿದೆ. ಪ್ರತಿ ಸಲವೂ ಸ್ಥಿತಿ ಇನ್ನಷ್ಟು ಕೆಡುತ್ತಿತ್ತು. "ಏನಪ್ಪಾ, ಇನ್ನೂ ಏಳ್ಲಿಲ್ವಾ ನಿನ್ ಡಬ್ಬ? ಕರ್ಪೂರ ಹಚ್ಚು, ಎದ್ದಾತು," ಎಂದರು ಅಜ್ಜಿ. ಅಳು ಬರುವಂತಾಗಿತ್ತು ನನಗೆ.

"ಸಾರ್, ಎಷ್ಟ್ ಸಲ ಆರ್ಸಿ ಹಾಕ್ತೀರಿ?" ಚಾಚಾ ಬಾಗಿಲಿಗೆ ಬಂದು ನಿಂತಿದ್ದರು. "ಯಾವ್ದು ಮೊದ್ಲು ನಿಲ್ಬೇಕು?"

ಹೇಳಿದೆ.

"ನಮ್ ಮಿಲ್ಲೂ ಹಂಗೇ ಕಣ್ರೀ. ಮೊದ್ಲು ಭತ್ತ ಬಿಡೋದ್ ನಿಲ್ಸ್ಬೇಕು, ಆಮೇಲೆ ಮಷೀನು, ಅಕ್ಕಿ ಹೊತ್ಕೊಂಡ್ ಹೋಗೋ ಎಲಿವೇಟರ್ ಕೊನೇಗೆ. ಅದನ್ನ ಬೇಗ ನಿಲ್ಸಿದ್ರೆ ಅಕ್ಕಿ ಕಚ್ಕೊಂಡು ಬೆಲ್ಟೇ ಹರ್ದೋಗ್ತದೆ." ಉಸಿರು ತೆಗೆದುಕೊಳ್ಳಲು ನಿಂತರು. "ಸ್ವಿಚ್ ಆರ್ಸಿದ್ರೆ ನಿಂತಂಗಲ್ಲ. ತಿರುಗ್ತಾ ಇರ್ತದೆ. ನಾನು ಕವರ್ ಮ್ಯಾಲೆ ಕೈ ಇಟ್ಟು, ನಡುಕ ನಿಂತ ಮ್ಯಾಲೇನೇ ಇನ್ನೊಂದ್ ಸ್ವಿಚ್ಗೆ ಹೋಗ್ತಿದ್ದೆ. ನೀವ್ ಕೈ ಇಟ್ ನೋಡಿದ್ರಾ?"

ನೋಡಿರಲಿಲ್ಲ. ಸರ್ವರು ತಾನು ಮಾಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಲಾಗ್ ತೆಗೆದೆ. ದಾಖಲೆಯ ಮಷೀನಿಗೆ ನಿಲ್ಲು ಎಂದು ಹೇಳಿದ ಮರುಕ್ಷಣವೇ ಸರ್ವರು ಕಡತದ ಮಷೀನನ್ನೂ ಮುಚ್ಚುತ್ತಿತ್ತು. ಕ್ರಮ ಸರಿ ಇತ್ತು, ಕಾಯುವುದು ಇರಲಿಲ್ಲ. ನಾನು ಅವಸರದಲ್ಲಿ ಆರಿಸಿದ ಪ್ರತಿ ಸಲವೂ ಬರೆಯುತ್ತಿದ್ದ ಕೈಯಿಂದ ಪುಸ್ತಕ ಕಿತ್ತುಕೊಂಡಂತಾಗಿತ್ತು.

ಈ ಸಲ ಒಂದೊಂದನ್ನೇ ಕೈಯಾರೆ ನಿಲ್ಲಿಸಿದೆ. ದಾಖಲೆಯದು ನಿಜವಾಗಿ ನಿಲ್ಲಲು ಏಳು ನಿಮಿಷ ಹಿಡಿಯಿತು. ಕಡತದ್ದು ಪೂರ್ತಿ ಎದ್ದ ಮೇಲೆ ದಾಖಲೆಯದನ್ನು ಎಬ್ಬಿಸಿದೆ. ಹಾಳಾದದ್ದನ್ನು ತಾನೇ ಸರಿಪಡಿಸಿಕೊಳ್ಳುತ್ತಾ ಕೂತು, ಕೊನೆಗೆ ತೆರೆಯಿತು. ಆಗ ಮಧ್ಯಾಹ್ನ ಒಂದೂಕಾಲು ಗಂಟೆ.

ಸರದಿ ಚಾಚಾ ಅವರದಾಗಿತ್ತು. ಒಬ್ಬರಿಗೆ ನಾಲ್ಕು ಗಂಟೆ ಬೇಕು. "ಅಜ್ಜಿನ ಮಲಗ್ಸಮ್ಮಾ," ಎಂದರು ಅವರು ಟೆಕ್ನಿಷಿಯನ್ ಹುಡುಗಿಗೆ. "ಯಗಟಿ ಬಸ್ ಹೊಂಟೋಗ್ತದೆ. ನನ್ಗೆ ತರೀಕೆರೆಗೆ ಯಾವಾಗ್ಲೂ ಸಿಗ್ತದೆ."

ಅವಳು ನನ್ನ ಮುಖ ನೋಡಿದಳು. ನೋಡಿದಳು ಎಂದೇ ನನ್ನ ನೆನಪು. ಬೇಡ, ಚಾಚಾನೇ ಮೊದಲು, ಅಜ್ಜಿಗೆ ಆಟೋ ಮಾಡಿ ಕಳಿಸೋಣ ಎಂದು ನಾನು ಹೇಳಬಹುದಿತ್ತು. ಆ ಬಾಗಿದ ಬೆನ್ನನ್ನು ಬೆಳಗಿನಿಂದ ಕಂಡವನು ನಾನು. ಆದರೆ ನನ್ನ ಕಣ್ಣು ಪರದೆಯ ಮೇಲಿತ್ತು. ಸರ್ವರು ಏಳದೇ ಹೋಗಿದ್ದರೆ ಎಂಬ ಭಯ ಇನ್ನೂ ಇಳಿದಿರಲಿಲ್ಲ. "ಸರಿ," ಎಂದೆ.

ಚಾಚಾ ಅವರನ್ನು ಮಲಗಿಸುವಾಗ ಐದೂವರೆ. ಅರ್ಧ ಗಂಟೆಯಲ್ಲೇ ಉಸಿರು ಹೆಚ್ಚಾಯಿತು. ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದು ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಸಾಗಿಸಿದರು. ನಾಲ್ಕು ದಿನ ಇದ್ದರು, ಅಷ್ಟೇ… ಹೃದಯ ಮೊದಲೇ ಸೋತಿತ್ತು, ನಿಮ್ಮಿಂದ ಏನೂ ಆದದ್ದಲ್ಲ ಎಂದರು ಡಾಕ್ಟರು. ಎರಡು ಸಲ ಕೇಳಿದೆ. ಎರಡೂ ಸಲ ಅದನ್ನೇ ಹೇಳಿದರು. ಮೂರನೆಯ ಸಲ ಕೇಳುವ ಧೈರ್ಯ ಬರಲಿಲ್ಲ.

ಅಜ್ಜಂಪುರದಿಂದ ಮನೆಗೆ ಬಂದವನು ಆ ದಿನದ ದಿನಚರಿ ಹುಡುಕಿ ತೆಗೆದೆ. ಅವರ ಮಾತನ್ನಾದರೂ ಅವರದೇ ಬಾಯಲ್ಲಿ ಬರೆದಿಟ್ಟಿರುತ್ತೇನೆ, ಈಗ ನೆನಪಿನಿಂದ ಕಟ್ಟುವುದು ತಪ್ಪುತ್ತದೆ ಎಂದುಕೊಂಡಿದ್ದೆ. ನನ್ನದೇ ಅಕ್ಷರದಲ್ಲಿ ಎರಡು ಸಾಲಿತ್ತು. 'ಮಧ್ಯಾಹ್ನ ಸರ್ವರ್ ಎದ್ದಿತು. ತೊಂದರೆಯ ಕಾರಣ ನಾನೇ ಕಂಡುಹಿಡಿದೆ.'