ಕೌದಿಗೆ ಪಾವಿನ ತುತ್ತು

ನಿನ್ನೆ ವಿಕ್ರೋಳಿಯ ಕರಕುಶಲ ಮೇಳದಲ್ಲಿ ಕೌದಿಯೊಂದನ್ನು ಕಂಡಾಗ ಕೈ ತಾನಾಗಿಯೇ ಅದರ ಮೂಲೆಗಳನ್ನು ಒತ್ತಿ ನೋಡಿತು.

ಚಿಕ್ಕಂದಿನಲ್ಲಿ ಮುಂಬೈಯ ವಡಾಲದ ನಮ್ಮ ಚಾಳಿನಲ್ಲಿ ಬಿಜಾಪುರ ಕಡೆಯ ಹೆಂಗಸರು ಕೂಡಿ ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದರು. ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ರೊಟ್ಟಿಯ ಚೂರು ಇಡುತ್ತಿದ್ದರು. ಹಸಿದ ಕೌದಿ ಹೊದ್ದವರಿಗೆ ಏಳಿಗೆಯಿಲ್ಲವಂತೆ.

ನಮ್ಮವ್ವನಿಗೆ ಹುಟ್ಟಲಿದ್ದ ಕೂಸಿನ ಕೌದಿ ಮುಗಿದ ದಿನ ಯಾರ ಮನೆಯಲ್ಲೂ ಜೋಳದ ಹಿಟ್ಟಿರಲಿಲ್ಲ. ಹಿಂದೊಂದು ಕೂಸನ್ನು ಕಳೆದುಕೊಂಡಿದ್ದ ಅವ್ವ ಪಾವ್ ಬ್ರೆಡ್ಡಿನ ಚೂರು ಹಿಡಿದು ಅಳುಕುತ್ತ ಕೇಳಿದಳು: "ಬೇಕರಿದು ನಡೀತೈತೇನ್ರಿ, ಗಂಗವ್ವಾರ?"

ಎಲ್ಲರಿಗೂ ಹಿರಿಯಳಾದ ಗಂಗವ್ವ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು: "ಕೂಸು ಮುಂಬೈದಾಗ ಹುಟ್ಟತೈತಿ. ಕೌದಿನೂ ಇಲ್ಲೀದನ್ನ ಉಣ್ಣಲಿ ಬಿಡವಾ."

ತಮ್ಮ ಅದನ್ನೇ ಹೊದ್ದು ಬೆಳೆದ.

ಮೇಳದ ಕೌದಿಯ ಮೂಲೆಗಳಲ್ಲಿ ಏನೂ ಸಿಗಲಿಲ್ಲ. ಮೊಮ್ಮಗಳ ಕೂಸಿಗೆಂದು ಕೊಂಡುತಂದೆ. ಈಗ ಒಂದು ಮೂಲೆಯ ಹೊಲಿಗೆ ಬಿಚ್ಚುತ್ತಿದ್ದೇನೆ, ಪಕ್ಕದಲ್ಲಿ ಪಾವಿದೆ.