ಖಾಲಿ ಕೇಜು

ಅವರ ಬಲಗಾಲು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಸ್ಟೂಲಿನಲ್ಲಿ ಕೂತರೂ, ನಿಂತು ಟೀ ಕುಡಿಯುವಾಗಲೂ, ಸವೆದ ಚಪ್ಪಲಿಯ ಹಿಮ್ಮಡಿ ಊರಿ ಮುಂಗಾಲಿನಿಂದ ನೆಲ ಒತ್ತುತ್ತಲೇ ಇರುತ್ತಿದ್ದರು. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ಆಳುಗಳನ್ನು ಕೇಜಿನಲ್ಲಿ, ಅಂದರೆ ಹಗ್ಗಕ್ಕೆ ತೂಗುವ ಕಬ್ಬಿಣದ ಪಂಜರದಲ್ಲಿ, ಇಳಿಸಿ ಹತ್ತಿಸುವ ಇಂಜಿನ್ನು ನಡೆಸಿದವರು. ಅಷ್ಟು ವರ್ಷ ಬ್ರೇಕು ಒತ್ತಿದ ಕಾಲು ನಿವೃತ್ತಿಯನ್ನು ಒಪ್ಪಿಕೊಂಡಿರಲಿಲ್ಲ. ತೊಂಬತ್ತರ ದಶಕದಲ್ಲಿ ರಾಬರ್ಟ್‌ಸನ್‌ಪೇಟೆಯ ನಮ್ಮ ಸಣ್ಣ ಕಂಪ್ಯೂಟರ್ ಆಫೀಸಿನಲ್ಲಿ ಜನರೇಟರ್ ನೋಡಿಕೊಳ್ಳುತ್ತಿದ್ದರು. ನಾವೆಲ್ಲ ಜನರೇಟರ್ ತಾತ ಎನ್ನುತ್ತಿದ್ದೆವು.

ನಾನು ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಬರುತ್ತಿದ್ದೆ. ತಾಳ್ಮೆಗೂ ನನಗೂ ಎಣ್ಣೆ ಸೀಗೆಕಾಯಿ. ಆ ಕಾಲಿನ ಸದ್ದು ತಲೆ ಕೆಡಿಸುತ್ತಿತ್ತು. "ತಾತ, ಆ ಕಾಲು ನಿಲ್ಸಿ, ನಿಮ್ಗೆ ಪುಣ್ಯ ಬತ್ತದೆ" ಎಂದರೆ ನಕ್ಕು, "ಅದು ನನ್ ಮಾತು ಕೇಳಾಕಿಲ್ಲ ಕಣಮ್ಮಣ್ಣಿ" ಎನ್ನುತ್ತಿದ್ದರು. ಮತ್ತೆ ಟಪ್ ಟಪ್.

ಒಮ್ಮೆ ಹೊಸ ಸರ್ವರ್ ಬಂತು. ಅದಕ್ಕೆ ಆಪರೇಟಿಂಗ್ ಸಿಸ್ಟಮ್ ಹಾಕುವ ಕೆಲಸ ನನ್ನದು. ಕಂತೆಗಟ್ಟಲೆ ಫ್ಲಾಪಿಗಳು, ಒಂದಾದ ಮೇಲೊಂದು ತುರುಕಬೇಕು. ಹನ್ನೊಂದನೆಯದಕ್ಕೆ ಯಂತ್ರ ಕಲ್ಲಾಗಿ ನಿಂತಿತು. ಮತ್ತೆ ಮೊದಲಿನಿಂದ ಶುರು. ಈ ಸಲ ಹತ್ತಕ್ಕೇ ನಿಂತಿತು. ಮೂರು ದಿನ ಇದೇ ಪಾಡು. ಮಾರಿದ ಕಂಪನಿಯವರು ಫೋನಿನಲ್ಲಿ, "ನಿಮ್ಮ ಹುಡುಗಿಗೆ ಕೆಲಸ ಬರಲ್ಲ" ಎಂದುಬಿಟ್ಟರು. ಮಾಲೀಕರು ನನ್ನನ್ನು ಕರೆದು, "ಶನಿವಾರದೊಳಗೆ ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಮ್ಮ" ಎಂದರು. ನಮ್ಮ ಮನೆ ನಡೆಯುತ್ತಿದ್ದುದೇ ನನ್ನ ಸಂಬಳದಲ್ಲಿ.

ಗುರುವಾರ ಬೆಳಿಗ್ಗೆ ಸಿಟ್ಟು ತಡೆಯದೆ ಫ್ಲಾಪಿ ಡಬ್ಬಿಯನ್ನು ಮೇಜಿಗೆ ಕುಕ್ಕಿದೆ. ತಾತ ಎಣ್ಣೆಬಟ್ಟೆ ಹಿಡಿದು ಒಳಗೆ ಬಂದರು.

"ಕಾಲಿ ಕೇಜು ಬುಟ್ಟು ನೋಡ್ದ್ಯಾ?"

ಗಣಿಯಲ್ಲಿ ಪಾಳಿ ಶುರುವಾಗುವ ಮುಂಚೆ ಆಳಿಲ್ಲದ ಕೇಜನ್ನು ಒಮ್ಮೆ ತಳದವರೆಗೆ ಇಳಿಸಿ ಎತ್ತುತ್ತಿದ್ದರಂತೆ. ಅದು ನೆಟ್ಟಗೆ ಬಂದ ಮೇಲೆಯೇ ಜನ ಹತ್ತುವುದು.

"ಇದು ಕಂಪ್ಯೂಟ್ರು ತಾತ, ಗಣಿಯಲ್ಲ!" ಎಂದು ರೇಗಿದೆ.

"ಅದ್ಕೇನೀಗ? ಒಳೀಕೆ ಏನೂ ಆಕ್ಬೇಡ. ಸುಮ್ಕೆ ಆನ್ ಮಾಡಿ ಬುಡು."

ಫ್ಲಾಪಿ ಇಲ್ಲದೆ ಆನ್ ಮಾಡಿದೆ. ಡಿಸ್ಕಿನ ಕಾರ್ಡಿನಲ್ಲಿ ಒಂದು ಚಿಪ್ಪು, ಅದರೊಳಗೆ ತಯಾರಿಸಿದವರೇ ಬರೆದಿಟ್ಟ ಪ್ರೋಗ್ರಾಮು. ಫ್ಲಾಪಿ ಇಲ್ಲದಿದ್ದರೂ ಓಡುವ ಅದರ ಆಯ್ಕೆಗಳ ಪಟ್ಟಿ ಪರದೆಗೆ ಬಂತು; ಇದೇನೆಂದು ಕೇಳಿದ ತಾತನಿಗೆ ಅಷ್ಟು ಹೇಳಿದೆ. ನಾನು ಕಿಟಕಿಗೂ ಬಾಗಿಲಿಗೂ ಅಲೆಯುತ್ತಾ ಆಗಾಗ ಬಂದು ಕೀಲಿ ಒತ್ತುತ್ತಿದ್ದೆ. ಅವರು ಸ್ಟೂಲಿನಲ್ಲಿ ಕೂತು ಕಾಲಿನಲ್ಲೇ ಎಣಿಸುತ್ತಿದ್ದರು. ಮುಕ್ಕಾಲು ಗಂಟೆಗೆ ಯಂತ್ರ ಮತ್ತೆ ಕಲ್ಲು. ಯಾವ ಕೀಲಿ ಒತ್ತಿದರೂ ಮಿಸುಕಲಿಲ್ಲ. ಇನ್ನೊಮ್ಮೆ ಬಿಟ್ಟೆವು. ನಾನು ಗಡಿಯಾರ ನೋಡುವ ಮೊದಲೇ ತಾತ, "ಈಗ ನಿಲ್ತದೆ ನೋಡು" ಎಂದರು. ನಿಂತಿತು.

"ನಿನ್ ಪ್ಲಾಪೀದು ತಪ್ಪಿಲ್ಲ ಅಮ್ಮಣ್ಣಿ. ನೀನು ಬರೋಕ್ ಮುಂಚೇನೇ ಅದ್ರೊಳ್ಗೆ ಯಾರೋ ಬರ್ದವ್ರಲ್ಲ, ಅಲ್ಲೈತೆ ತಪ್ಪು."

ಅಯ್ಯೋ ನನ್ನ ಬುದ್ಧಿಯೇ! ಕೈ ಚುರುಕಾದ ಸಲ ಹನ್ನೊಂದು, ತಡವರಿಸಿದ ಸಲ ಹತ್ತು; ಎರಡಕ್ಕೂ ಹಿಡಿದದ್ದು ಅದೇ ಮುಕ್ಕಾಲು ಗಂಟೆ. ನಾನು ಫ್ಲಾಪಿ ಎಣಿಸುತ್ತಿದ್ದೆ, ಅವರು ಹೊತ್ತು ಎಣಿಸಿದ್ದರು. ಫೋನಿನಲ್ಲಿ ಇದನ್ನು ಹೇಳಿದಾಗ ಕಂಪನಿಯವರು ಗೊಣಗುತ್ತಲೇ ಬೇರೆ ಚಿಪ್ಪು ಕಳಿಸಿದರು. ಶನಿವಾರ ಬೆಳಿಗ್ಗೆ ಅದನ್ನು ಕೂರಿಸಿ, ಮೊದಲು ಖಾಲಿ ಕೇಜು ಬಿಟ್ಟು, ಆಮೇಲೆ ಫ್ಲಾಪಿ ಹಾಕಿದೆ. ಮಧ್ಯಾಹ್ನಕ್ಕೆಲ್ಲ ಮುಗಿಯಿತು.

ಮಾಲೀಕರು ಓಡಿ ಬಂದು, "ಯಾರಮ್ಮ ಕಂಡುಹಿಡಿದಿದ್ದು?" ಎಂದರು. ತಾತ ಬಾಗಿಲಲ್ಲೇ ನಿಂತಿದ್ದರು.

"ನಾನೇ ಸಾರ್" ಎಂದೆ.

ಕೆಲಸ ಹೋಗುವ ಭಯ ಇನ್ನೂ ಬಿಟ್ಟಿರಲಿಲ್ಲ. ತಾತ ಕೈ ಒರೆಸಿಕೊಳ್ಳುತ್ತಾ ಜನರೇಟರಿನ ಕಡೆ ಹೋದರು. ಮುಂದೆ ಎಂದೂ ಆ ಮಾತು ಎತ್ತಲಿಲ್ಲ. ನಾನೂ ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ವರ್ಷಗಳನ್ನೇ ದೂಡಿದೆ.

ಅವರು ತೀರಿಕೊಂಡ ದಿನ ಚಾಂಪಿಯನ್ ರೀಫ್ಸ್‌ನ ಅವರ ಲೈನ್ ಮನೆಗೆ, ಗಣಿ ಆಳುಗಳ ಸಾಲುಮನೆಗೆ, ಹೋದೆ. ಕಾಲಿನ ಎರಡೂ ಹೆಬ್ಬೆರಳು ಸೇರಿಸಿ ಕಟ್ಟಿದ್ದರು. ಬಲಗಾಲು ಸುಮ್ಮನಿತ್ತು. ನೋಡಲಾಗಲಿಲ್ಲ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು.

"ಆ ಮಿಷನ್ ರಿಪೇರಿ ಮಾಡಿದೋಳು ನೀನೇ ಅಲ್ವೇನಮ್ಮ? 'ನಮ್ಮಾಪೀಸಿನ ಉಡುಗಿ ಒಬ್ಳೇ ಕಂಡಿಡುದ್ಲು' ಅಂತ ಲೈನೆಲ್ಲಾ ಏಳ್ಕಂಡು ತಿರುಗ್ತಿದ್ರು."

ಆಯಮ್ಮನ ಕೈ ಹಿಡಿದು ಅತ್ತೆ. ಇವತ್ತು ಹೇಳುತ್ತಿದ್ದೇನೆ: ಕಂಡುಹಿಡಿದದ್ದು ಅವರು. ನಾನು ಆನ್ ಮಾಡಿದೆ, ಅಷ್ಟೇ.