ಮಾಮಾನ ರೇಸ್ ಸೈಕಲ್ಲಿಗೆ ಬ್ರೇಕು

ಬೇಸಿಗೆ ಬಂತೆಂದರೆ ನಮ್ಮ ತಿಕೋಟಾದ ಓಣಿಯಲ್ಲಿ ಹಗಲು ಹೊತ್ತು ದೊಡ್ಡವರ ಮುಖವೇ ಕಾಣದಂಥ ವರ್ಷಗಳು ಅವು. ಶಾಲೆಗೆ ಬೀಗ ಬೀಳುವ ಹೊತ್ತಿಗೆ ದ್ರಾಕ್ಷಿ ಒಣಗಿಸುವ ಶೆಡ್ಡುಗಳು ತುಂಬಿರುತ್ತಿದ್ದವು. ಮನೆಮನೆಯ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಬೆಳಗ್ಗೆಯೇ ಹೊರಟುಬಿಡುತ್ತಿದ್ದರು. ನಾವು ಮಕ್ಕಳು ಬೇವಿನ ಗಿಡದ ನೆರಳಿನಲ್ಲಿ ಚಿಣಿಫಣಿ ಆಡುತ್ತ, ಹಸಿವಾದಾಗ ಕಟಕ್ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಕಡಿಯುತ್ತ, ಬಿಸಿಲು ಇಳಿಯುವುದನ್ನೇ ಕಾಯುತ್ತಿದ್ದೆವು. ಗಾಳಿ ತಿರುಗಿದರೆ ಸಾಕು, ಶೆಡ್ಡುಗಳ ಗಂಧಕದ ಹೊಗೆ ಊರೊಳಗೆ ಬರುತ್ತಿತ್ತು. ಅದರ ಹಿಂದೆಯೇ ಬಾಡಿದ ದ್ರಾಕ್ಷಿಯ ಸಿಹಿ ವಾಸನೆ. ಇವತ್ತಿಗೂ ಆ ಎರಡು ವಾಸನೆ ಒಟ್ಟಿಗೆ ಮೂಗಿಗೆ ಬಡಿದರೆ ನನಗೆ ಮೊದಲು ನೆನಪಾಗುವುದು ದಣಿವು. ನನ್ನದಲ್ಲ, ಅವ್ವನದು.

ಅವ್ವ ಶೆಡ್ಡಿನಲ್ಲಿ ದಿನವಿಡೀ ನಿಂತೇ ಕೆಲಸ ಮಾಡುತ್ತಿದ್ದಳು. ಎಣ್ಣೆ ಬೆರೆಸಿದ ನೀರಿನಲ್ಲಿ ಗೊಂಚಲು ಅದ್ದುವುದು, ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರವುವುದು, ಒಣಗಿದವನ್ನು ಉದುರಿಸುವುದು. ಸಂಜೆ ಮನೆಗೆ ಬಂದವಳು ಕಟ್ಟೆಯ ಮೇಲೆ ಕೂತು ಸ್ವಲ್ಪ ಹೊತ್ತು ತನ್ನ ಕಾಲು ತಾನೇ ಒತ್ತಿಕೊಳ್ಳುತ್ತಿದ್ದಳು. ಅಪ್ಪ ಒಣದ್ರಾಕ್ಷಿಯ ಲಾರಿ ತೆಗೆದುಕೊಂಡು ಸಾಂಗಲಿ ಕಡೆಗೆ ಹೋದರೆ ಮರಳಿ ಬರುವುದು ಯಾವಾಗೋ. ಹಾಗಾಗಿ ಮನೆಯಲ್ಲಿ ಗಂಡಸು ಅಂತ ಇದ್ದವನು ಮಾರುತಿ ಮಾಮಾ, ಅವ್ವನ ತಮ್ಮ. ಅದೇ ಶೆಡ್ಡಿನಲ್ಲಿ ಬಾಕ್ಸು ತೂಗುವ ಕೆಲಸ ಅವನದು. ಎಡಗೈ ಮಣಿಕಟ್ಟು ಪೂರ್ತಿ ಬಗ್ಗುತ್ತಿರಲಿಲ್ಲ, ಭಾರವನ್ನೆಲ್ಲ ಬಲಗೈಯಲ್ಲೇ ಎತ್ತುತ್ತಿದ್ದ.

ಆ ಕೈಯ ಕಥೆ ಊರಿಗೆಲ್ಲ ಗೊತ್ತಿತ್ತು. ಮಾಮಾ ಒಂದು ಕಾಲಕ್ಕೆ ರೇಸ್ ಸೈಕಲ್ ಹೊಡೆಯುತ್ತಿದ್ದ. ನಮ್ಮ ವಿಜಯಪುರದ ಕಡೆ ಇದೇನೂ ವಿಶೇಷವಲ್ಲ. ಇಲ್ಲಿ ಹೊಲದ ದಂಡೆಯ ಮೇಲೆ ಬಾಗಿದ ಹ್ಯಾಂಡಲ್ಲಿನ ಸೈಕಲ್ ಹೋದರೆ ಆಕಳೂ ತಲೆ ಎತ್ತುವುದಿಲ್ಲ. ಬಬಲೇಶ್ವರದ ರಸ್ತೆಯಲ್ಲಿ ಒಂದು ರೇಸಿನಲ್ಲಿ ಮುಂದೆ ಇದ್ದಾಗ, ತಿರುವಿನಲ್ಲಿ ಆಡಿನ ಹಿಂಡು ಅಡ್ಡ ಬಂತು. ಬ್ರೇಕನ್ನು ಹ್ಯಾಂಡಲ್ಲಿಗೆ ತಾಗುವ ಹಾಗೆ ಒತ್ತಿದರೂ ಸೈಕಲ್ ನಿಲ್ಲಲಿಲ್ಲವಂತೆ. ಒಂದು ಆಡು ಸತ್ತಿತು, ಮಾಮಾನ ಕೈ ಮುರಿಯಿತು. ಬ್ರೇಕ್ ನನಗೆ ಮೋಸ ಮಾಡಿತು ಎಂದು ಅವನು ಹೇಳುತ್ತಿದ್ದ, ಎಲ್ಲರೂ ನಂಬಿದ್ದರು. ಆಮೇಲೆ ಅವನು ಆ ಸೈಕಲ್ ಹತ್ತಲಿಲ್ಲ. ಮಾರಲೂ ಇಲ್ಲ. ಪಡಸಾಲೆಯ ಗೋಡೆಗೆ ಎರಡು ಗೂಟ ಬಡಿದು ತೂಗುಹಾಕಿದ್ದ. ದಸರೆಗೊಮ್ಮೆ ಕೆಳಗಿಳಿಸಿ, ಎಣ್ಣೆ ಬಟ್ಟೆಯಿಂದ ಮೈಯೆಲ್ಲ ಒರೆಸಿ, ಕುಂಕುಮ ಹಚ್ಚಿ ಮತ್ತೆ ಏರಿಸುತ್ತಿದ್ದ.

ನಾನು ಏಳನೆಯ ಇಯತ್ತೆ ಮುಗಿಸಿದ ಬೇಸಿಗೆ ಅದು. ವಿಜಯಪುರದಲ್ಲಿ ಸೈಕಲ್ ರೇಸ್ ಕಲಿಸುವ ಹಾಸ್ಟೆಲ್ಲಿಗೆ ಹುಡುಗಿಯರನ್ನು ಆರಿಸುತ್ತಾರೆ, ನಿನ್ನ ಕಾಲಿನಲ್ಲಿ ಕಸುವಿದೆ, ಹೋಗಿ ನೋಡು ಎಂದು ನಮ್ಮ ಆಟದ ಮಾಸ್ತರರು ಹೇಳಿದ್ದರು. ಸೈಕಲ್ ಮಾತ್ರ ನಮ್ಮದೇ ತರಬೇಕು. ನಾನು ಗೋಡೆಯ ಕಡೆ ನೋಡಿದೆ. ಅವ್ವ ನನ್ನ ಕಣ್ಣು ಎಲ್ಲಿಗೆ ಹೋಯಿತೆಂದು ನೋಡಿದಳು.

"ಅದು ಬ್ಯಾಡ," ಅಂದಳು. "ಅದು ಓಡತೈತಿ, ನಿಂದರೂದಿಲ್ಲ."

ನಾನು ಊಟ ಬಿಟ್ಟೆ, ಅತ್ತು ಕರೆದೆ, ಅವ್ವನ ಹಿಂದೆ ಶೆಡ್ಡಿನ ತನಕ ಗೊಣಗುತ್ತ ನಡೆದೆ. ಒಂದು ಬೆಳಗ್ಗೆ ಎದ್ದು ನೋಡಿದರೆ ಸೈಕಲ್ ಅಂಗಳದಲ್ಲಿ ನಿಂತಿತ್ತು, ಮಾಮಾ ಗಾಲಿಗೆ ಗಾಳಿ ಹೊಡೆಯುತ್ತಿದ್ದ. ಮೆಲ್ಲಗೆ ಹೊಡಿ, ಹಳ್ಳದ ಕಡೆ ಹೋಗಬೇಡ ಎಂದು ಹೇಳಿ ಕೆಲಸಕ್ಕೆ ಹೋದ. ನಾನು ಹಳ್ಳದ ಕಡೆಗೇ ಹೋದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಒತ್ತಿಯೇ ಒತ್ತಿದೆ. ಬ್ರೇಕಿನ ರಬ್ಬರು ಗಾಲಿಯ ಮೇಲೆ ಜಾರುತ್ತ ಕೀರಲು ದನಿ ಮಾಡಿತೇ ಹೊರತು ವೇಗ ಇಳಿಯಲಿಲ್ಲ. ಕೊನೆಗೆ ಜಾಲಿ ಬೇಲಿಯೇ ನನ್ನನ್ನು ನಿಲ್ಲಿಸಿದ್ದು.

ಆ ಸಂಜೆ ಅವ್ವ ಸೂಜಿಯಿಂದ ನನ್ನ ತೋಳಿನ ಮುಳ್ಳು ತೆಗೆದಳು. ಬೈಯಲಿಲ್ಲ. ಬೈಯುವಷ್ಟು ತ್ರಾಣವೂ ಇರಲಿಲ್ಲವೇನೋ. ಮಾಮಾ ಬಾಗಿಲಲ್ಲಿ ನಿಂತು, ಪುಣೆಯಿಂದ ಹೊಸ ಬ್ರೇಕ್ ಸೆಟ್ ತರಿಸಿದರೆ ಎಲ್ಲ ಸರಿಹೋಗುತ್ತದೆ ಅಂದ. ಅದು ನಮ್ಮಂಥವರ ಕೈಗೆಟುಕುವ ಮಾತಲ್ಲವೆಂದು ಹೇಳಿದವನಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು. ಸೈಕಲ್ ಮತ್ತೆ ಗೋಡೆಗೆ ಹೋಗುವುದರಲ್ಲಿತ್ತು.

ಬೇಲಿಯ ಮಣ್ಣು ಮೆತ್ತಿದ್ದನ್ನು ಹಾಗೆಯೇ ಏರಿಸುವುದು ಬೇಡವೆಂದು ಮರುದಿನ ನಾನು ಅದನ್ನು ತೊಳೆಯಲು ಕೂತೆ. ಮಣ್ಣು ಹೋಯಿತು. ಆದರೆ ಗಾಲಿಯ ರಿಮ್ಮಿನ ಮೇಲೆ ನೀರು ನಿಲ್ಲುತ್ತಲೇ ಇರಲಿಲ್ಲ, ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ಹನಿಯಾಗಿ ಉರುಳಿಹೋಗುತ್ತಿತ್ತು. ಬೆರಳಿನಿಂದ ಉಜ್ಜಿದೆ. ಬೆರಳು ಜಾರಿತು. ಮೂಸಿದರೆ ಹಳೆಯ ಎಣ್ಣೆಯ ಕಮಟು. ಮಾಮಾ ಮನೆಗೆ ಬಂದಾಗ ಅವನ ಕೈ ಹಿಡಿದು ಮುಟ್ಟಿಸಿದೆ.

ಅವನು ರಿಮ್ಮನ್ನು ಮುಟ್ಟಿದ. ಆಮೇಲೆ ರಬ್ಬರು ಮುಟ್ಟಿದ. ಅದು ಎಣ್ಣೆ ಕುಡಿದು ಕಲ್ಲಿನಂತೆ ಹೊಳೆಯುತ್ತಿತ್ತು. ಅಂಗಳದಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

"ನಾನಽ ಹಚ್ಚೀನಿ, ನೀಲಾ," ಅಂದ. "ತುಕ್ಕು ಹಿಡೀಬಾರದಂತ ಆಗಿಂದಾನೂ ಹಚ್ಚತಿದ್ದೆ. ರೇಸಿನ ಹಿಂದಿನ ದಿನಾನೂ ಎಣ್ಣಿ ಅರಿವಿಲೆ ಒರಸಿದ್ದೆ."

ನನಗೆ ಆಗ ಪೂರ್ತಿ ತಿಳಿಯಲಿಲ್ಲ. ಎಣ್ಣೆ ತೊಳೆದರೆ ಹೋಗುತ್ತದಲ್ಲ, ಅದಕ್ಕೇಕೆ ಇಷ್ಟು ಸಪ್ಪೆ ಮುಖ ಅನ್ನಿಸಿತು. ಕಟ್ಟೆಯ ಮೇಲಿದ್ದ ಅವ್ವನಿಗೆ ತಿಳಿಯಿತು. ಅವಳು ಎದ್ದು ಬಂದು, ತಮ್ಮನ ಪಕ್ಕದಲ್ಲಿ ಪಾತ್ರೆ ತಿಕ್ಕುವ ಬೂದಿಯ ಡಬ್ಬಿ, ತೆಂಗಿನ ನಾರು ಇಟ್ಟಳು. "ಆಗಿದ್ದಾತು. ತಿಕ್ಕು," ಅಂದಳು.

ಮುಂದಿನ ಒಂದಷ್ಟು ಸಂಜೆಗಳು ಅದರಲ್ಲೇ ಹೋದವು. ಮೊದಲು ಚಿಮಣಿಯ ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ರಿಮ್ಮು ಒರೆಸಿದೆವು, ಆಮೇಲೆ ಸೋಪಿನ ನೀರು, ಆಮೇಲೆ ಬೂದಿ. ನೀರು ಹರಡಿ ನಿಲ್ಲುವ ತನಕ ತಿಕ್ಕಿದೆವು. ಹಳೆಯ ರಬ್ಬರು ಉಪಯೋಗಕ್ಕೆ ಬರಲಿಲ್ಲ. ಎಷ್ಟು ಉಜ್ಜಿದರೂ ಒಳಗಿನಿಂದ ಎಣ್ಣೆ ಒಸರುತ್ತಿತ್ತು. ಮಾಮಾ ವಿಜಯಪುರದ ಗಾಂಧಿ ಚೌಕಿನ ಹತ್ತಿರದ ಸೈಕಲ್ ಅಂಗಡಿಯಿಂದ ಸಾದಾ ಸೈಕಲ್ಲಿನ ರಬ್ಬರು, ಎರಡು ಬ್ರೇಕ್ ವೈರು ತಂದ. ರಬ್ಬರು ದಪ್ಪವಿತ್ತು, ಚಾಕುವಿನಿಂದ ಕೆತ್ತಿ ಕೂರಿಸಿದೆವು. ವೈರಿನ ಹೊರಗವಚದೊಳಗೆ ತುಕ್ಕಿನ ಪುಡಿ ತುಂಬಿತ್ತು. ಹಳೆಯದನ್ನು ಎಳೆದು ತೆಗೆದಾಗ ಮಾಮಾನ ಮಡಿಲೆಲ್ಲ ಕೆಂಪಾಯಿತು. ಗಾಲಿ ಒಂದು ಕಡೆ ಓಲುತ್ತಿತ್ತು, ಕಡ್ಡಿಗಳನ್ನು ಬಿಗಿದು ಸಡಿಲಿಸಿ ನೆಟ್ಟಗೆ ಮಾಡಿದ. ಬ್ರೇಕು ಕಿರುಚುವುದು ಮಾತ್ರ ನಿಂತಿರಲಿಲ್ಲ. ರಬ್ಬರಿನ ಹಿಂದಿನ ತುದಿಗೂ ರಿಮ್ಮಿಗೂ ನಡುವೆ ಒಣದ್ರಾಕ್ಷಿ ಬಾಕ್ಸಿನ ರಟ್ಟಿನ ಚೂರು ಇಟ್ಟು ಬಿಗಿದು, ಆಮೇಲೆ ರಟ್ಟು ತೆಗೆದೆವು. ಮುಂದಿನ ತುದಿ ಮೊದಲು ತಾಗುವಂತಾಯಿತು, ಕಿರುಚಾಟವೂ ನಿಂತಿತು. ಇದು ಯಾರ ಬುದ್ಧಿ ಎಂದು ನಮ್ಮಿಬ್ಬರಿಗೂ ಆಮೇಲೆ ಜಗಳವಿತ್ತು.

ಆಯ್ಕೆಗೆ ಇನ್ನೇನು ದಿನ ಬಂತು ಅನ್ನುವಾಗ ಅವ್ವ ಒಂದು ಸಂಜೆ ಶೆಡ್ಡಿನಿಂದ ಮನೆಗೆ ಬರದೆ ನೇರವಾಗಿ ಹಳ್ಳದ ಇಳಿಜಾರಿಗೆ ಹೋದಳು. ನಮ್ಮನ್ನೂ ಅಲ್ಲಿಗೆ ಕರೆಸಿದಳು. ಕೆಳಗೆ, ದಾರಿಯ ನಡುವೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

"ಮ್ಯಾಲಿಂದ ಬಾ," ಅಂದಳು ನನಗೆ. "ನನ್ನ ಮುಂದ ನಿಲ್ಲಿಸು."

ಮಾಮಾ ಬೇಡವೆಂದ. ಬೇಕಾದರೆ ನಾನು ನಿಲ್ಲುತ್ತೇನೆ ಅಂದ. ಅವಳು ಅವನ ಕಡೆ ನೋಡಲೇ ಇಲ್ಲ. ನಾನು ಮೇಲೆ ಹೋದೆ. ಮೇಲಿನಿಂದ ಅವ್ವ ಸಣ್ಣಗೆ ಕಾಣುತ್ತಿದ್ದಳು. ಪೆಡಲ್ ತುಳಿಯಬೇಕಾಗಿಯೇ ಇರಲಿಲ್ಲ, ಇಳಿಜಾರೇ ಎಳೆದುಕೊಂಡಿತು. ಕಿವಿಯಲ್ಲಿ ಗಾಳಿ. ಒತ್ತಿದೆ. ಮೊದಲ ಸಲ ರಬ್ಬರು ಕಬ್ಬಿಣವನ್ನು ಹಿಡಿದದ್ದು ನನ್ನ ಅಂಗೈಗೆ ಗೊತ್ತಾಯಿತು. ಅವ್ವನಿಗೂ ನನಗೂ ನಡುವೆ ಇನ್ನೂ ಒಂದು ಎತ್ತಿನಗಾಡಿಯಷ್ಟು ಜಾಗವಿರುವಾಗಲೇ ಸೈಕಲ್ ನಿಂತಿತು. ಅವಳು ಕದಲಿರಲಿಲ್ಲ.

"ಇನ್ನೊಮ್ಮೆ," ಅಂದಳು.

ಇನ್ನೊಮ್ಮೆ ಬಂದೆ. ಮತ್ತೆ ಇನ್ನೊಮ್ಮೆ. ಸೈಕಲ್ ನೂಕಿಕೊಂಡು ಏರು ಹತ್ತುವುದು, ಇಳಿಯುವುದು, ಅವ್ವನ ಮುಂದೆ ನಿಲ್ಲಿಸುವುದು. ಬೆಳಕು ಇಳಿಯಿತು, ಹಳ್ಳದ ಕಡೆಯಿಂದ ಕುರಿಗಳು ಮರಳಿ ಹೋದವು. ಅಕ್ಕಾ ಸಾಕು ಮಾಡು, ನಿಂತಿತಲ್ಲ ಎಂದು ಮಾಮಾ ಕೇಳಿಕೊಂಡ.

"ಒಮ್ಮೆ ನಿಂತರ ಅದು ದೈವ," ಅಂದಳು ಅವ್ವ. "ದಿನಾ ನಿಂದರಬೇಕಲ್ಲ. ನಾ ದಿನಾ ಅಲ್ಲಿ ಇರತೇನೇನು?"

ಕೊನೆಗೆ ಅವಳೇ ದಾರಿ ಬಿಟ್ಟು ಪಕ್ಕದ ಕಲ್ಲಿನ ಮೇಲೆ ಕೂತಳು. ಏಳಲು ಆಗಲಿಲ್ಲ. ಮಾಮಾ ತನ್ನ ಸೊಟ್ಟ ಕೈ ಕೊಟ್ಟ, ಅದನ್ನು ಹಿಡಿದುಕೊಂಡು ಎದ್ದಳು. ನಾನು ಸೈಕಲ್ ನೂಕಿಕೊಂಡು ಮನೆಯ ತನಕ ಅವರ ಹಿಂದೆ ನಡೆದೆ.

ನಾನು ಆಯ್ಕೆಯಾಗಲಿಲ್ಲ. ಅದನ್ನೂ ಹೇಳಿಬಿಡಬೇಕು. ವಿಜಯಪುರದ ಹೊರಗಿನ ರಸ್ತೆಯಲ್ಲಿ ನಮ್ಮನ್ನು ಓಡಿಸಿದರು. ಕಾಖಂಡಕಿಯ ಕಡೆಯಿಂದ ಬಂದ ಒಬ್ಬ ಹುಡುಗಿ ಗಾಳಿಯಂತೆ ಹೋದಳು, ಅವಳ ಹಿಂದೆ ಇನ್ನೂ ಕೆಲವರು, ನಾನು ನಡುವೆಲ್ಲೋ. ಮುಂದಿನ ವರ್ಷ ಬಾ ಅಂದರು. ಬಸ್ಸಿನ ಮೇಲೆ ಸೈಕಲ್ ಹಾಕಿ ಕರೆದೊಯ್ಯುತ್ತೇನೆಂದು ಮಾಮಾ ಎಷ್ಟು ಹೇಳಿದರೂ ಕೇಳದೆ ತಿಕೋಟಾದ ತನಕ ತುಳಿದುಕೊಂಡೇ ಬಂದೆ. ದಾರಿಯುದ್ದಕ್ಕೂ ಅತ್ತೆ. ಮನೆಗೆ ಬಂದಾಗ ಅವ್ವ ರೊಟ್ಟಿ ತಟ್ಟುತ್ತಿದ್ದಳು. ನನ್ನ ಮುಖ ನೋಡಿಯೇ ಫಲಿತಾಂಶ ತಿಳಿದಿರಬೇಕು, ಅದನ್ನು ಕೇಳಲಿಲ್ಲ.

"ಬ್ರೇಕ್ ಹಿಡೀತೊ ಇಲ್ಲೊ?" ಅಂದಳು.

ಹಿಡಿಯಿತು ಅಂದೆ. ಹಂಗಾದರ ಕೈ ತೊಳಿ, ಉಣ್ಣು ಅಂದಳು.

ಮರುವರ್ಷ ನಾನು ಹೋಗಲಿಲ್ಲ. ಹೈಸ್ಕೂಲು, ಓದು, ಬೇರೆ ಹುಚ್ಚುಗಳು. ಸೈಕಲ್ ಮಾತ್ರ ಗೋಡೆಗೆ ಹೋಗಲಿಲ್ಲ. ಮಾಮಾ ಅದನ್ನೇ ತುಳಿದುಕೊಂಡು ಶೆಡ್ಡಿಗೆ ಹೋಗತೊಡಗಿದ. ಬಬಲೇಶ್ವರದ ಸಂತೆಗೂ ಹೋಗಿಬರುತ್ತಿದ್ದ, ಅದೇ ತಿರುವಿನ ಮೇಲೆ. ಬ್ರೇಕ್ ಮೋಸ ಮಾಡಿತೆಂಬ ಮಾತನ್ನು ಅವನ ಬಾಯಲ್ಲಿ ಮತ್ತೆ ಯಾರೂ ಕೇಳಲಿಲ್ಲ. ಮಂಡಿನೋವು ಶುರುವಾದ ಮೇಲೆ ಸೈಕಲ್ಲನ್ನು ಓಣಿಯ ಹುಡುಗಿಯೊಬ್ಬಳಿಗೆ ಕೊಟ್ಟುಬಿಟ್ಟ.

ಅವ್ವ ಹೋಗಿ ಎರಡು ಮಳೆಗಾಲ ಕಳೆದವು. ನಾನೀಗ ವಿಜಯಪುರದಲ್ಲಿದ್ದೇನೆ, ಒಂದು ಕಚೇರಿಯ ಕೆಲಸ. ಹಳ್ಳದ ದಾರಿಗೆ ಡಾಂಬರು ಹಾಕಿ ಏರನ್ನು ಕಡಿದು ಸಮ ಮಾಡಿದ್ದಾರೆ. ಅಲ್ಲೊಂದು ಇಳಿಜಾರು ಇತ್ತೆಂದು ಹೇಳಿದರೆ ಹೊಸಬರು ನಂಬುವುದಿಲ್ಲ. ಹೋಗಲಿ, ಊರು ಬದಲಾಗುವುದು ಇದ್ದದ್ದೇ. ನನಗೆ ಹೊರೆಯಾಗಿರುವುದು ಬೇರೆ. ಆಗಿನ ಅವ್ವನ ವಯಸ್ಸು ಈಗ ನನಗೆ ಬಂದಿದೆ. ದಿನವಿಡೀ ಕುರ್ಚಿಯಲ್ಲಿ ಕೂತು ಸಂಜೆ ಮನೆಗೆ ಬರುತ್ತೇನೆ, ಚಪ್ಪಲಿ ಬಿಡುವಷ್ಟರಲ್ಲಿ ಮಗಳು ಓಡಿಬಂದು ಏನನ್ನೋ ತೋರಿಸಬೇಕು ಅನ್ನುತ್ತಾಳೆ. ನಾಳೆ ನೋಡೋಣ ಅಂತೀನಿ. ಸುಳ್ಳಲ್ಲ, ನಿಜಕ್ಕೂ ದಣಿದಿರುತ್ತೇನೆ. ಅವ್ವನ ದಣಿವು ಎಂಥದ್ದೆಂದು ನನಗೀಗ ಮೈಯಿಂದಲೇ ತಿಳಿಯುತ್ತದೆ. ಅಷ್ಟು ದಣಿದ ಮೇಲೂ ಬಿಸಿಲಿಳಿದ ದಾರಿಯ ನಡುವೆ ಹೋಗಿ ನಿಂತು "ಇನ್ನೊಮ್ಮೆ" ಅನ್ನುವ ಕಸುವನ್ನು ಅವಳು ಎಲ್ಲಿಂದ ತಂದಳು ಅನ್ನುವುದು ಮಾತ್ರ ತಿಳಿಯುವುದಿಲ್ಲ. ಕೇಳಲು ಅವಳಿಲ್ಲ. ಮಗಳು ನಾಳೆಗಾಗಿ ಕಾಯುವುದನ್ನು ಕಲಿತುಬಿಟ್ಟಿದ್ದಾಳೆ.